ಮೆರುಪು ಸೆಲ್ಲಿನ ಕಳ್ಳಾಟ

ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಲ್ಯಾಪ್‌ಟಾಪಿನ ಮೇಲೆ ಹಸಿರು ಗೆರೆಯೊಂದು ಅರ್ಧದವರೆಗೆ ಬಂದು ನಿಂತುಬಿಟ್ಟಿತು. ಚಲಪತಿಯ ಗ್ರಹಚಾರ ಶುರುವಾದದ್ದು ಅಷ್ಟರಿಂದಲೇ.

ಚಲಪತಿ ಕಲ್ಯಾಣದುರ್ಗದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಂಡತಿ ಸುಷ್ಮಾ ಹಿಂದೂಪುರದ ಪಕ್ಕದ ಪರಿಗಿಯಲ್ಲಿ ಸ್ಕೂಲ್ ಟೀಚರ್. ಮದುವೆಯಾಗಿ ಆರು ವರ್ಷವಾಗಿತ್ತು, ಒಟ್ಟಿಗಿದ್ದದ್ದು ಕೂಡಿ ಕಳೆದರೆ ಒಂದು ವರ್ಷವೂ ಇರಲಿಕ್ಕಿಲ್ಲ. ಶನಿವಾರ ಸಂಜೆ ಬಸ್ಸು ಹತ್ತುವುದು, ಭಾನುವಾರ ಸಂಜೆ ಮತ್ತೆ ಬಸ್ಸು ಹತ್ತುವುದು. ನಾಲ್ಕು ವರ್ಷದ ಮಗಳು ಮೌನಿಕಾಗೆ ಅಪ್ಪ ಎಂದರೆ ವಾರಕ್ಕೊಮ್ಮೆ ಬರುವ ನೆಂಟ. ಹೋದ ವಾರ ಅವಳು ಚಾಪೆ ಹಾಸಿ, "ಕೂತ್ಕೊಳ್ಳಿ, ಅಮ್ಮ ಕಾಫಿ ತತ್ತಾಳೆ" ಎಂದು ಬಹಳ ಮರ್ಯಾದೆಯಿಂದ ಹೇಳಿದ್ದಳು. ಚಲಪತಿ ಕಾಫಿ ಕುಡಿದ, ಹಿತ್ತಲಿಗೆ ಹೋಗಿ ಅತ್ತು ಬಂದ.

ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ, ಎಲ್ಲ ಇಲಾಖೆಗಳಿಗೂ ವರ್ಗಾವಣೆ ಬಿಟ್ಟಿದ್ದರು. ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿದ್ದರೆ ಅವರದೇ ಮೊದಲ ಸರದಿ. ಪರಿಗಿಯ ಕಾಂಪೌಂಡರ್ ರಿಟೈರಾಗಿ ಜಾಗ ಖಾಲಿ ಬಿದ್ದಿತ್ತು. ಕಲ್ಯಾಣದುರ್ಗದ ಸ್ಕೂಲಿನಲ್ಲೂ ಒಂದು ಜಾಗವಿತ್ತು. ಆದರೆ ಪರಿಗಿಯ ಮನೆ ಚೆನ್ನಾಗಿದೆ, ನಲ್ಲಿಯಲ್ಲಿ ದಿನಾ ನೀರು ಬರುತ್ತದೆ, ಆದ್ದರಿಂದ ಚಲಪತಿಯೇ ಅಲ್ಲಿಗೆ ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅರ್ಜಿ ಬಿದ್ದರೆ ಆರ್ಡರ್ ಬಂದಂತೆಯೇ. ತೊಡಕು ಒಂದೇ: ಈ ಸಲ ಅರ್ಜಿಯನ್ನು ಇಂಟರ್‌ನೆಟ್ಟಿನಲ್ಲೇ ಹಾಕಬೇಕು, ಮತ್ತು ಇವತ್ತು ಸಂಜೆ ಐದಕ್ಕೆ ಗಡುವು ಮುಗಿಯುತ್ತದೆ.

ನೆಟ್ ಸೆಂಟರಿಗೆ ಹೋಗಿ ಸಾಲಿನಲ್ಲಿ ನಿಲ್ಲುವ ಕರ್ಮ ಚಲಪತಿಗಿರಲಿಲ್ಲ. ಎದುರಂಗಡಿಯ ತೋಟಪ್ಪನ ಹತ್ತಿರ ಮೆರುಪು ಸೆಲ್ ಕಂಪನಿಯ ತಿಂಗಳ ನೆಟ್ ಪ್ಯಾಕು ಹಾಕಿಸಿಕೊಂಡಿದ್ದ. ತೆಲುಗಿನಲ್ಲಿ ಮೆರುಪು ಅಂದರೆ ಮಿಂಚು. ಫೋನಿಗೆ ವೈರು ಚುಚ್ಚಿ, ಆ ವೈರನ್ನು ಭಾವಮೈದ ಕೊಟ್ಟ ಹಳೇ ಲ್ಯಾಪ್‌ಟಾಪಿಗೆ ಚುಚ್ಚಿದರೆ ನೆಟ್ ಬರುತ್ತಿತ್ತು. ರಜೆ ಹಾಕಿದ್ದ. ಎಮ್ಮೆ ಮೇವು ಬಿಟ್ಟಿದೆ, ಹಸು ಎದ್ದೇಳುತ್ತಿಲ್ಲ ಎಂದು ಊರಿನವರೆಲ್ಲ ಫೋನು ಮಾಡುತ್ತಾರೆಂದು ಫೋನಿನ ಶಬ್ದವನ್ನೂ ತೆಗೆದಿಟ್ಟಿದ್ದ.

ಅರ್ಜಿಗೆ ಮೂರು ಪುಟ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಗೆರೆ ನಿಲ್ಲುವುದು, ಲೈನು ಕಟ್ಟಾಗುವುದು, ಮತ್ತೆ ಮೊದಲ ಪುಟದಲ್ಲಿ "ನಿಮ್ಮ ಹೆಸರು" ಎಂದು ಕೇಳುವುದು. ಹತ್ತೂವರೆಯೊಳಗೆ ಚಲಪತಿ ತನ್ನ ಹೆಸರನ್ನು ಒಂಬತ್ತು ಸಲ ಬರೆದಿದ್ದ. ಹತ್ತನೆಯ ಸಲಕ್ಕೆ ಕಾಗುಣಿತವೇ ಅನುಮಾನಕ್ಕೆ ಬಂತು.

ಕೆಳಗಡೆ ಮನೆಯ ಓನರ್ ಪಾಪಕ್ಕ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಮಹಡಿಯ ಮೇಲೆ ಟೇಬಲ್ ಗುದ್ದುವ ಸದ್ದು ಕೇಳಿ ಹತ್ತಿ ಬಂದಳು.

"ಏನಪ್ಪಾ ಚಲಪತಿ, ಮನೆ ಬೀಳಿಸ್ತೀಯಾ?"

"ನೆಟ್ ಹೋಯ್ತಾ ಇಲ್ಲ ಅಕ್ಕಾ. ಶುರುವಿನಾಗೆ ಚೆಂದಾಗಿ ಓಡ್ತದೆ, ಆಮೇಲೆ ಕುಂಟ್ತದೆ. ಕಂಪನಿಯವರು ಬೇಕಂತ ನಿಧಾನ ಮಾಡ್ತಾ ಅವ್ರೆ. ತಿಂಗಳ ಪ್ಯಾಕ್ ಹಾಕ್ಸಿದವರಿಗೆ ಕಮ್ಮಿ ಬಿಡ್ತಾರಂತೆ, ಪೇಪರ್‌ನಾಗೆ ಬಂದಿತ್ತು."

"ನಮ್ ಹಾಲಿನೋನೂ ಅಂಗೇ ಕಣಪ್ಪ. ತಿಂಗಳ ಲೆಕ್ಕದೋರಿಗೆ ನೀರು, ಕೈಗೆ ದುಡ್ಡು ಕೊಡೋರಿಗೆ ಗಟ್ಟಿ ಹಾಲು" ಎಂದಳು ಪಾಪಕ್ಕ. ಚಲಪತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ.

ತೋಟಪ್ಪನನ್ನು ಕೂಗಿದರು. ಪ್ಯಾಕು ಮಾರಿದ ತಪ್ಪಿಗೆ ಅವನು ಅಂಗಡಿ ಬಿಟ್ಟು ಬಂದ. ಕಂಪನಿಯ ಮೇಲೆ ಬಂದ ಅನುಮಾನ ತನ್ನ ಮನೆಯ ಹೆಣ್ಣುಮಗಳ ಮೇಲೆ ಬಂದಂತೆ ಅವನಿಗೆ ರೋಷ.

"ಸುಮ್ನೆ ಅನ್ಬ್ಯಾಡ್ರಿ ಸಾರ್. ಸಿಗ್ನಲ್ ಐತೋ ಇಲ್ವೋ ಮೊದ್ಲು ನೋಡಾಣ. ನಿಮ್ ಫೋನಿಗೆ ಒಂದು ಮಿಸ್ ಕಾಲ್ ಕೊಡ್ತೀನಿ ತಾಳಿ."

ಆ ಕಾಲದಲ್ಲಿ ಕಲ್ಯಾಣದುರ್ಗದಲ್ಲಿ ಫೋನು ಇದ್ದದ್ದು ಮಾತಾಡುವುದಕ್ಕಲ್ಲ, ಮಿಸ್ ಕಾಲ್ ಕೊಡುವುದಕ್ಕೆ. ಬಸ್ಸು ಹತ್ತಿದರೆ ಒಂದು, ಇಳಿದರೆ ಎರಡು, ಸಾರು ಕುದ್ದರೆ ಒಂದು, ಜಗಳ ಮುಗಿದು ಮನಸ್ಸು ತಿಳಿಯಾದರೆ ಮೂರು. ತೋಟಪ್ಪ ಫೋನು ಕಿವಿಗಿಟ್ಟು ಕಣ್ಣು ಮುಚ್ಚಿದ.

"ರಿಂಗ್ ಹೋಯ್ತಾ ಐತೆ. ಟವರ್ ಬ್ರಹ್ಮಾಂಡವಾಗೈತೆ. ಈಗ ಒತ್ತಿ ನೋಡಿ."

ಚಲಪತಿ ಒತ್ತಿದ. ಅದುವರೆಗೆ ಕುಂಟುತ್ತಿದ್ದದ್ದು ಈಗ ಪೂರ್ತಿ ಮಲಗಿತು. ತೋಟಪ್ಪ ಇನ್ನೊಂದು ಮಿಸ್ ಕಾಲ್ ಕೊಟ್ಟು, ಟವರ್ ಇನ್ನೂ ಸರಿಯಾಗಿದೆ ಎಂದು ಖಾತ್ರಿ ಮಾಡಿದ.

ಹನ್ನೊಂದಕ್ಕೆ ಕೇಬಲ್ ಟಿ.ವಿ. ಕದಿರಣ್ಣ ಬಂದ. ಬೀದಿಯಲ್ಲಿ ವೈರು ಎಂಬುದು ಎಲ್ಲಿದ್ದರೂ ಅದು ತನ್ನ ಖಾತೆಗೆ ಸೇರಿದ್ದು ಎಂದು ಅವನ ತಿಳುವಳಿಕೆ. ಬಂದವನೇ ಫೋನನ್ನು ಕೈಗೆತ್ತಿಕೊಂಡು ತೂಕ ನೋಡಿದ.

"ಕಿಟಕಿತಾವ ಇಟ್ರೆ ಎಲ್ಲಿ ಬತ್ತದೆ ಸಾರ್? ಮೇಲಕ್ಕೆ ಏರಿಸ್ಬೇಕು."

ಬಿದಿರು ಗಳ ಬಂತು. ಗಳದ ತುದಿಗೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿ, ಉದ್ದನೆಯ ವೈರು ಇಳಿಬಿಟ್ಟು ತಾರಸಿಯ ಮೇಲೆ ನೆಟ್ಟರು. ಚಲಪತಿ ನೀರಿನ ತೊಟ್ಟಿಯ ನೆರಳಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತ. ಮೇ ತಿಂಗಳ ಕಲ್ಯಾಣದುರ್ಗದ ತಾರಸಿ. ಕೆಳಗೆ ಗೋಣಿಚೀಲ ಹಾಕಿದ್ದರೂ ಐದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಾಯಿಸಬೇಕಿತ್ತು.

"ಈಗ ಚೆಕ್ ಮಾಡ್ತೀನಿ" ಎಂದು ಕದಿರಣ್ಣ ಮಿಸ್ ಕಾಲ್ ಕೊಟ್ಟ. ಪಾಪಕ್ಕ, "ನಂದ್ರಾಗೂ ನೋಡ್ತೀನಿ ತಾಳಪ್ಪ" ಎಂದು ತಾನೂ ಕೊಟ್ಟಳು. ಎಲ್ಲರಿಗೂ ರಿಂಗ್ ಹೋಗುತ್ತಿತ್ತು. ನೆಟ್ ಮಾತ್ರ ಹೋಗುತ್ತಿರಲಿಲ್ಲ.

ಚಲಪತಿ ತನಿಖೆಗೆ ಇಳಿದ. ದನಗಳಿಗೆ ಸೂಜಿ ಹಾಕಿದ್ದನ್ನು ಬರೆಯುವ ಹಳೇ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಗಂಟೆ, ನಿಮಿಷ, ಎಷ್ಟನೆಯ ಪುಟದಲ್ಲಿ ನಿಂತಿತು ಎಂದು ಬರೆಯತೊಡಗಿದ. ಮಧ್ಯಾಹ್ನ ಮೂರರ ಹೊತ್ತಿಗೆ ಹಾಳೆ ತುಂಬಿತು. ಅದನ್ನು ಓದಿದ ಚಲಪತಿಯ ಮೈ ಬಿಸಿಲಿನಲ್ಲೂ ತಣ್ಣಗಾಯಿತು.

"ಕದಿರಣ್ಣಾ, ಇಲ್ನೋಡು. ನಾವು ಟವರ್ ಚೆಕ್ ಮಾಡಿದಾಗೆಲ್ಲಾ ಅದೇ ನಿಮಿಷಕ್ಕೆ ನೆಟ್ ನಿಂತೈತೆ. ಒಂದು ಸಲಾನೂ ತಪ್ಪಿಲ್ಲ."

"ಅಂದ್ರೆ?"

"ಕಂಪನಿಯವರಿಗೆ ನಾವು ಚೆಕ್ ಮಾಡೋದು ಗೊತ್ತಾಗ್ತಾ ಐತೆ. ಕೋಪಕ್ಕೆ ನಿಲ್ಲಿಸ್ತಾ ಅವ್ರೆ."

ಪಾಪಕ್ಕ ಸೆರಗು ಸರಿಮಾಡಿಕೊಂಡು ಆಕಾಶ ನೋಡಿದಳು. ತೋಟಪ್ಪನಿಗೂ ಕಂಪನಿಯ ಮೇಲಿದ್ದ ನಂಬಿಕೆ ಸಡಿಲವಾಯಿತು. ಕಸ್ಟಮರ್ ಕೇರಿಗೆ ತನ್ನ ಫೋನಿನಿಂದ ಮಾಡಿದ. ತೆಲುಗಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದು ಹೆಣ್ಣುಮಗಳೊಬ್ಬಳು ಹೇಳುತ್ತಲೇ ಹೋದಳು, ತೋಟಪ್ಪ ಒತ್ತುತ್ತಲೇ ಹೋದ. ಕೊನೆಗೆ ಅವನ ಫೋನಿಗೆ ಒಂದು ಭಕ್ತಿಗೀತೆಯ ರಿಂಗ್‌ಟೋನ್ ಬಂದು ಕೂತಿತು.

"ಟವರ್‌ತಾವ್ಲೇ ಹೋಗಾಣ ನಡೀರಿ" ಎಂದ ಕದಿರಣ್ಣ.

ಚಲಪತಿಗೆ ಅಳು ಬರುವುದೊಂದು ಬಾಕಿ. ಗಂಟೆ ಮೂರೂವರೆ. ನೆಟ್ ಸೆಂಟರಿನ ಸಾಲು ಈಗ ಬಸ್ ಸ್ಟ್ಯಾಂಡಿನವರೆಗೆ ಬಂದಿರುತ್ತದೆ. ಮಗಳು ಇನ್ನೊಂದು ವರ್ಷ ತನಗೆ ಚಾಪೆ ಹಾಸಿ ಕೂರಿಸುತ್ತಾಳೆ. ಸುಷ್ಮಾಗೆ ಏನು ಹೇಳುವುದು? ಅರ್ಜಿ ಹೋಯಿತು ಎಂಬ ಒಳ್ಳೆಯ ಸುದ್ದಿಯನ್ನೇ ಹೇಳೋಣವೆಂದು ಬೆಳಗಿನಿಂದ ಅವಳಿಗೆ ಫೋನು ಮಾಡಿರಲಿಲ್ಲ. ಈಗ ಮಾಡೋಣವೆಂದರೆ ಫೋನು ಗಳದ ತುದಿಯಲ್ಲಿದೆ.

ಚಲಪತಿ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಉಳಿದವರು ಒಂದು ಆಟೋ ಹತ್ತಿ ಊರಾಚೆಯ ಟವರಿಗೆ ಹೋದರು. ಅಲ್ಲಿ ಜನರೇಟರಿಗೆ ಡೀಸೆಲ್ ಹಾಕುತ್ತಿದ್ದ ಕಂಪನಿಯ ಟೆಕ್ನಿಷಿಯನ್ ಈಶ್ವರ್‌ನನ್ನು ಮಾತಾಡಲಿಕ್ಕೂ ಬಿಡದೆ ಆಟೋದಲ್ಲಿ ಕೂರಿಸಿಕೊಂಡು ಬಂದರು. ದಾರಿಯಲ್ಲಿ ಪಾಪಕ್ಕ ಅವನಿಗೆ ಹಾಲಿನವನ ಕತೆಯನ್ನು ಪೂರ್ತಿ ಹೇಳಿದಳು.

ಈಶ್ವರ್ ತಾರಸಿ ಹತ್ತಿದಾಗ ನಾಲ್ಕೂ ಇಪ್ಪತ್ತೈದು. ರಿಜಿಸ್ಟರ್ ನೋಡಿದ, ಗಳ ನೋಡಿದ.

"ಆ ಫೋನು ಕೆಳಗಿಳಿಸಿ ಸಾರ್."

ಇಳಿಸಿದರು. ಚೀಲದಿಂದ ಬಿಡಿಸಿದರು. ಫೋನಿನ ಮುಖದ ಮೇಲೆ ಬರೆದಿತ್ತು: ಅರವತ್ತೊಂದು ಮಿಸ್ ಕಾಲ್.

"ಸಾರ್, ಈ ಫೋನು ಒಂದು ಸಲಕ್ಕೆ ಒಂದೇ ಕೆಲ್ಸ ಮಾಡೋದು. ರಿಂಗ್ ಬಂತಂದ್ರೆ ನೆಟ್ ನಿಲ್ತದೆ. ಅರವತ್ತೊಂದು ಸಲ ನಿಂತೈತೆ. ನಮ್ ಕಂಪನಿ ಏನು ಮಾಡ್ತದೆ ಹೇಳಿ?"

ಎಲ್ಲರೂ ತಂತಮ್ಮ ಫೋನುಗಳನ್ನು ಮೆಲ್ಲಗೆ ಜೇಬಿಗೆ, ಸೊಂಟಕ್ಕೆ ಸೇರಿಸಿದರು.

"ನಂದು ಬರೀ ಆರು" ಎಂದ ಕದಿರಣ್ಣ, ಯಾರೂ ಕೇಳದಿದ್ದರೂ.

"ಎಲ್ರೂ ಆಫ್ ಮಾಡಿ" ಎಂದು ಈಶ್ವರ್ ಅಪ್ಪಣೆ ಕೊಟ್ಟ. ಯಾರು ಯಾರು ರಿಂಗ್ ಕೊಟ್ಟಿದ್ದಾರೆಂದು ನೋಡಲೂ ಚಲಪತಿಗೆ ಪುರುಸೊತ್ತಿರಲಿಲ್ಲ. ವೈರು ಚುಚ್ಚಿ, ಹೆಸರು ಬರೆದ. ಒಂದನೆಯ ಪುಟ, ಎರಡನೆಯ ಪುಟ, ಮೂರನೆಯ ಪುಟ. ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಓಡಿತು. "ನಿಮ್ಮ ಅರ್ಜಿ ಸ್ವೀಕೃತವಾಗಿದೆ." ಗಂಟೆ ನಾಲ್ಕೂ ನಲವತ್ನಾಲ್ಕು.

ಪಾಪಕ್ಕನ ಕಣ್ಣು ಒದ್ದೆಯಾಯಿತು. ತೋಟಪ್ಪ ಕೆಳಗಿಳಿದು ಸೋಡಾ ತಂದ. ಚಲಪತಿ ವೈರು ಕಿತ್ತು ಹೆಂಡತಿಗೆ ಫೋನು ಮಾಡಿದ.

"ಹಾಕ್ಬುಟ್ಟೆ ಕಣೇ. ಹೋಯ್ತು. ಪರಿಗಿಗೆ ಬಂದ್ಬುಡ್ತೀನಿ."

ಆ ಕಡೆ ಯಾರೋ ಟಕಟಕ ಟೈಪ್ ಮಾಡುವ ಸದ್ದು ಕೇಳುತ್ತಿತ್ತು.

"ಬೆಳಗಿಂದ ಹದಿನೇಳು ಸಲ ಮಾಡಿದೀನಿ" ಎಂದಳು ಸುಷ್ಮಾ. "ನೀವು ಎತ್ತಲೇ ಇಲ್ಲ. ಅರ್ಜಿ ಹೋಗ್ಲಿಲ್ಲ, ಅದಕ್ಕೆ ಮನಸ್ಸು ಕೆಡಿಸ್ಕೊಂಡು ಕೂತವ್ರೆ ಅಂದ್ಕೊಂಡೆ. ನಮ್ ಇಲಾಖೇದೂ ಇವತ್ತೇ ಕೊನೆ. ಹಿಂದೂಪುರಕ್ಕೆ ಬಂದು, ನೆಟ್ ಸೆಂಟರ್‌ನಾಗೆ ಕೂತು, ನಾಲ್ಕೂವರೆಗೆ ನಾನೇ ಕಲ್ಯಾಣದುರ್ಗಕ್ಕೆ ಹಾಕ್ಬುಟ್ಟೆ."

ಅವಳ ಇಲಾಖೆ ಬೇರೆ, ಇವನ ಇಲಾಖೆ ಬೇರೆ. ಎರಡೂ ಇಲಾಖೆಯ ಕಂಪ್ಯೂಟರುಗಳು ಒಂದನ್ನೊಂದು ಮಾತಾಡಿಸುವುದಿಲ್ಲ. ಎರಡೂ ಅರ್ಜಿಗೆ ಆರ್ಡರ್ ಬಂದರೆ ಗಂಡ ಪರಿಗಿಯಲ್ಲಿ, ಹೆಂಡತಿ ಕಲ್ಯಾಣದುರ್ಗದಲ್ಲಿ. ಐದರೊಳಗೆ ಒಂದನ್ನು ರದ್ದು ಮಾಡಬಹುದಿತ್ತು. ರದ್ದು ಮಾಡಿದವರು ಈ ವರ್ಷ ಮತ್ತೆ ಹಾಕುವಂತಿರಲಿಲ್ಲ.

"ನೀನು ರದ್ದು ಮಾಡು" ಎಂದ ಚಲಪತಿ. "ನಾವು ಮಾತಾಡ್ಕೊಂಡಿದ್ದು ಅಂಗೇ ಅಲ್ವಾ? ಬೆಳಗಿಂದ ಬಿಸಿಲಾಗೆ ಬೆಂದು ಹಾಕಿದೀನಿ."

"ನಾನು ಮಗೂನ ಎತ್ಕೊಂಡು ಬಸ್ಸಿನಾಗೆ ನಿಂತ್ಕೊಂಡು ಬಂದಿಲ್ವಾ? ಒಂದು ಸಲ ಫೋನ್ ಎತ್ತಿದ್ರೆ ನಿಮ್ ಗಂಟೇನು ಹೋಗ್ತಿತ್ತು? ನೀವೇ ರದ್ದು ಮಾಡಿ."

ಮಾತಿಗೆ ಮಾತು ಬೆಳೆಯಿತು. ಆರು ವರ್ಷದ ಬಸ್ಸು, ಭಾನುವಾರ, ಕೈಗೆ ಬಾರದ ರಜೆ ಎಲ್ಲವೂ ಬಂದವು. ನಾಲ್ಕೂ ಐವತ್ನಾಲ್ಕಕ್ಕೆ ಸುಷ್ಮಾ ಫೋನು ಇಟ್ಟುಬಿಟ್ಟಳು.

ಚಲಪತಿ ಎರಡು ನಿಮಿಷ ನೀರಿನ ತೊಟ್ಟಿಗೆ ಒರಗಿ ಕೂತ. ಹದಿನೇಳು ಸಲ ಮಾಡಿದ್ದಾಳೆ. ಮಿಸ್ ಕಾಲ್ ಅಲ್ಲ, ನಿಜವಾದ ಫೋನು. ಪಾಪ, ಬಿಸಿಲಿನಲ್ಲಿ ಮಗುವನ್ನು ಕಟ್ಟಿಕೊಂಡು ಹೋಗಿ ಅರ್ಜಿ ಹಾಕಿದ್ದಾಳೆ. ನಲ್ಲಿ ನೀರಿಲ್ಲದ ಊರಿಗೆ ಬರಲಿಕ್ಕೆ ಅವಳಿಗೆ ಬೇಜಾರಿಲ್ಲ, ತನಗೆ ಮಾತ್ರ ಹಟ. ಎಂಥಾ ಮನುಷ್ಯ ನಾನು ಎಂದು ಅವನಿಗೆ ನಾಚಿಕೆಯಾಯಿತು.

"ರದ್ದು ಮಾಡ್ತೀನಿ ಕಣಕ್ಕಾ" ಎಂದ ಪಾಪಕ್ಕನಿಗೆ. "ಅವಳೇ ಇಲ್ಲಿಗೆ ಬರಲಿ."

"ಬರಲಿ ಕಣಪ್ಪ. ಬೋರಿನ ನೀರು ನಾನು ಬಿಡ್ತೀನಿ, ಹೊತ್ತೊತ್ತಿಗೆ" ಎಂದಳು ಪಾಪಕ್ಕ.

ಸುಷ್ಮಾಗೆ ಹೇಳೋಣವೆಂದರೆ ಫೋನಿಗೆ ಒಂದೇ ಕೆಲಸ. ಮೊದಲು ರದ್ದು, ಆಮೇಲೆ ಮಾತು ಎಂದು ವೈರು ಚುಚ್ಚಿದ. ಈ ಸಲ ಹಸಿರು ಗೆರೆ ಓಡಿದ್ದು ಕಣ್ಣಿಗೂ ಕಾಣಲಿಲ್ಲ. ಒತ್ತಿದ, ಮುಗಿಯಿತು. ನಾಲ್ಕೂ ಐವತ್ತೆಂಟು.

ವೈರು ಕಿತ್ತು ಫೋನು ಮಾಡಿದರೆ ಲೈನು ಬ್ಯುಸಿ. ಮತ್ತೆ ಮಾಡಿದ, ಬ್ಯುಸಿ. ಅವಳೂ ಇವನಿಗೇ ಮಾಡುತ್ತಿದ್ದಳು. ಐದೂ ಒಂದಕ್ಕೆ ಸಿಕ್ಕಳು.

"ಸುಷ್ಮಾ, ನೀನೇ ಗೆದ್ದೆ. ನಂದು ರದ್ದು ಮಾಡ್ಬುಟ್ಟೆ."

"ಅಯ್ಯೋ ದೇವ್ರೇ" ಎಂದಳು ಸುಷ್ಮಾ ಮೆತ್ತಗೆ. "ನೀವು ಬಿಸಿಲಾಗೆ ಕೂತಿದ್ದು ನೆನಸ್ಕೊಂಡು ಹೊಟ್ಟೆ ಉರೀತು. ನಾನೂ ನಂದು ರದ್ದು ಮಾಡ್ಬುಟ್ಟೆ."

ಚಲಪತಿಗೆ ಅಳಬೇಕೆನಿಸಿತು. ಅಷ್ಟರಲ್ಲಿ ಆ ಕಡೆಯಿಂದ ಮೊದಲು ಒಂದು ಸಣ್ಣ ಸದ್ದು ಬಂತು, ಆಮೇಲೆ ಅದು ನಗುವಾಯಿತು. ಅವಳು ನಕ್ಕದ್ದು ಕೇಳಿ ಇವನಿಗೂ ತಡೆಯಲಾಗಲಿಲ್ಲ.

"ನಾಳೆ ಶನಿವಾರ. ಟೀಚರ್ ಟ್ರೇನಿಂಗ್ ನಿನ್ನೆಗೆ ಮುಗೀತು, ಬೇಸಿಗೆ ರಜಾ ಇನ್ನೂ ಎರಡು ವಾರ ಐತೆ" ಎಂದಳು. "ಮಗೂನ ಕರ್ಕೊಂಡು ನಾನೇ ಬತ್ತೀನಿ, ಇದ್ದು ಹೋಯ್ತೀನಿ. ಮುಂದಿನ ವರ್ಷ ಯಾರು ಹಾಕೋದು ಅಂತ ಎದುರುಬದುರು ಕೂತು ತೀರ್ಮಾನ ಮಾಡಾಣ. ಫೋನಿನಾಗೆ ಬ್ಯಾಡ."

ಚಲಪತಿ ಫೋನು ಇಟ್ಟು ಮುಖ ಒರೆಸಿಕೊಂಡ. ಎರಡು ವಾರವೆಂದರೆ ಕಡಿಮೆಯಲ್ಲ. ಮನೆ ಗುಡಿಸಬೇಕು, ಮಗುವಿಗೆ ಒಂದು ಒಳ್ಳೆಯ ಚಾಪೆ ತರಬೇಕು. ಹೀಗೆ ಯೋಚಿಸುತ್ತಿದ್ದಾಗ ಈಶ್ವರ್ ಚೀಲದಿಂದ ಒಂದು ಪುಸ್ತಕ ತೆಗೆದು ಪೆನ್ನು ಕೊಟ್ಟ.

"ಕಂಪ್ಲೇಂಟ್ ನೋಡಿದೀನಿ ಅಂತ ಒಂದು ಸೈನ್ ಹಾಕಿ ಸಾರ್. ಸ್ಪೀಡ್ ಬಗ್ಗೆ ಏನಾರ ಇದ್ರೆ ಅದೂ ಬರೀರಿ."

ಚಲಪತಿ ಸೈನ್ ಹಾಕಿ, ಕೆಳಗೆ ಬರೆದ: "ನಾಲ್ಕೂ ಐವತ್ತೆಂಟಕ್ಕೆ ನಿಮ್ಮ ನೆಟ್ ವಿಪರೀತ ವೇಗವಾಗಿತ್ತು. ದಯವಿಟ್ಟು ವಿಚಾರಿಸಿ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ."