ಏಳನೆಯ ಸಂಪುಟದ ವಿಲೇವಾರಿ

ಪುಸ್ತಕ ಓದಿ ಬದುಕು ಬದಲಾದ ಓದುಗರು ಕರಾವಳಿ ಪುಸ್ತಕ ಪ್ರಸರಣ ಮಂಡಳಿಯ ವ್ಯಾಪ್ತಿಯಲ್ಲಿ ೧೯೭೮ನೆಯ ಇಸವಿ ಜುಲೈ ಹನ್ನೊಂದನೆಯ ತಾರೀಕಿನ ತನಕ ಯಾರೂ ಇರಲಿಲ್ಲ. ಇದ್ದಿದ್ದರೆ ದಾಖಲೆಯಲ್ಲಿ ಇರುತ್ತಿತ್ತು. ಮಂಡಳಿಯ ಕೇಂದ್ರ ಕಚೇರಿ ಉಡುಪಿಯಲ್ಲಿತ್ತು, ತಪಾಸಣಾ ಕಚೇರಿ ಕಾರ್ಕಳದಲ್ಲಿತ್ತು, ಪುಸ್ತಕಗಳು ಮಾತ್ರ ಕಾಪುವಿನ ಶಾಖೆಯಲ್ಲಿದ್ದವು. ಆ ಶಾಖೆಯ ಏಕೈಕ ಗುಮಾಸ್ತನಾಗಿ ನಾನು ಹದಿನೆಂಟು ವರ್ಷ ದುಡಿದಿದ್ದೇನೆ. ಈ ಪ್ರಕರಣವನ್ನು ನಾನಲ್ಲದೆ ಬೇರೆ ಯಾರು ಬರೆದರೂ ಅದು ಅನಧಿಕೃತವಾಗುತ್ತದೆ.

ನಮ್ಮ ಎರವಲು ರಿಜಿಸ್ಟರಿನಲ್ಲಿ ಒಂಬತ್ತು ಕಾಲಂಗಳಿದ್ದವು. ಒಂಬತ್ತನೆಯದು ಷರಾ. ಓದುಗರು ಪುಸ್ತಕ ಹಿಂದಿರುಗಿಸುವಾಗ "ಎಂತಾದರೂ ಹೇಳುವುದು ಉಂಟಾ?" ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಅಲ್ಲಿ ಬರೆಯಬೇಕು. ಎಲ್ಲರೂ "ಎಂತ ಇಲ್ಲ" ಎನ್ನುತ್ತಿದ್ದರು, ನಾನು "ಇಲ್ಲ" ಎಂದು ಬರೆಯುತ್ತಿದ್ದೆ. ಅಕಸ್ಮಾತ್ "ಇಲ್ಲ" ಅಲ್ಲದೆ ಬೇರೆ ಏನಾದರೂ ಬಂದರೆ ಅದನ್ನು ಕೇಂದ್ರ ಕಚೇರಿಗೆ ಕಳುಹಿಸತಕ್ಕದ್ದು, ಅಲ್ಲಿಂದ ವಿಲೇವಾರಿಯಾಗಿ ಬರುವ ತನಕ ಆ ಓದುಗರಿಗೆ ಬೇರೆ ಪುಸ್ತಕ ಕೊಡತಕ್ಕದ್ದಲ್ಲ ಎಂದು ನಿಯಮವಿತ್ತು. ಯಾರೂ ಬಳಸದೆ ಇದ್ದುದರಿಂದ ಆ ನಿಯಮ ಹೊಸದರ ಹಾಗೆಯೇ ಉಳಿದಿತ್ತು.

ಉಚ್ಚಿಲದ ಕುಶಲಾ ಬೀಡಿ ಕಟ್ಟುವ ಹೆಂಗಸು. ಎಲೆ, ಹೊಗೆಸೊಪ್ಪು ಹರವಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿ ಇಟ್ಟುಕೊಂಡು, ಎದುರಿನ ಮಣೆಯ ಮೇಲೆ ಪುಸ್ತಕವನ್ನು ಒರಗಿಸಿ, ಎಲೆ ಸುರುಟುತ್ತಲೇ ಓದುತ್ತಿದ್ದಳು. ಎರಡು ಕೈಯೂ ಬೀಡಿಯಲ್ಲಿ ಇರುವುದರಿಂದ ಪುಟ ತಿರುಗಿಸುವ ಕೆಲಸ ಅವಳ ಚಿಕ್ಕಮ್ಮ ಅಪ್ಪಿಯದ್ದು. ಅಪ್ಪಿಗೆ ಓದು ಬಾರದು. ಕುಶಲಾ ತಲೆಯಾಡಿಸಿದಾಗ ತಿರುಗಿಸುವುದು, ಅಷ್ಟೆ. ಹೀಗೆ ಅವಳು ಓದಿದ್ದು "ನೆರಳಿಲ್ಲದ ದ್ವೀಪ" ಎಂಬ ಏಳು ಸಂಪುಟಗಳ ಅದ್ಭುತ ಕಾದಂಬರಿಯನ್ನು. ಮುತ್ತು ಹೆಕ್ಕುವ ಮುಕ್ತಾವಳಿ ಎಂಬವಳು ಒಂದು ದ್ವೀಪಕ್ಕೆ ಹೋಗುತ್ತಾಳೆ. ಅಲ್ಲಿಯ ಮೂರು ತಲೆಯ ಮಂತ್ರಿ ಜನರ ನೆರಳುಗಳನ್ನೆಲ್ಲ ಕಿತ್ತು ಉಗ್ರಾಣದಲ್ಲಿ ಇಟ್ಟಿದ್ದಾನೆ. ಸತ್ಯವನ್ನೇ ಹೇಳುವ ಒಂದು ಮೀನು ಉಂಟು, ಆ ಕಾರಣಕ್ಕೆ ಅದನ್ನು ಯಾರೂ ಸಾರು ಮಾಡುವುದಿಲ್ಲ. ಆರನೆಯ ಸಂಪುಟದ ಕೊನೆಯಲ್ಲಿ ಮುಕ್ತಾವಳಿ ಉಗ್ರಾಣದ ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಾಳೆ. "ನೆರಳು ಕೊಡುತ್ತೀಯೋ, ಸ್ವರ ಕೊಡುತ್ತೀಯೋ?" ಎಂದು ಮಂತ್ರಿ ಕೇಳುತ್ತಾನೆ. ಅಲ್ಲಿಗೆ ಸಂಪುಟ ಮುಗಿಯುತ್ತದೆ.

ಜುಲೈ ಹನ್ನೊಂದರಂದು ಕುಶಲಾ ಮಳೆಯಲ್ಲಿ ಬಸ್ಸಿಳಿದು ಬಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಆರನೆಯ ಸಂಪುಟವನ್ನು ಮೇಜಿನ ಮೇಲಿಟ್ಟಳು. ಹೊಗೆಸೊಪ್ಪಿನ ವಾಸನೆ ಬಂತು. ನಾನು ನಿಯಮದಂತೆ ಕೇಳಿದೆ.

"ಉಂಟು ಮಾರಾಯ್ರೆ," ಎಂದಳು. "ಈ ಪುಸ್ತಕ ಓದಿ ನನ್ನ ಬದುಕೇ ಬದಲಾಯಿತು. ಏಳನೆಯದ್ದು ಕೊಡಿ."

ನಾನು ಅದನ್ನು ಹೇಳಿದ ಹಾಗೆಯೇ ಬರೆದೆ. ಬರೆದ ಮೇಲೆ ಏಳನೆಯದ್ದು ಕೊಡುವ ಹಾಗಿರಲಿಲ್ಲ. ಅದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಕೈಗೆಟಕುವಷ್ಟು ದೂರದಲ್ಲಿತ್ತು. ಅವಳಿಗೂ ಕಾಣುತ್ತಿತ್ತು. ನಾನು ನಿಯಮ ವಿವರಿಸಿದೆ. ಅವಳು ಪುಸ್ತಕವನ್ನು ನೋಡುತ್ತಾ ಪೂರ್ತಿ ಕೇಳಿ, "ಎಷ್ಟು ದಿನ ಆದೀತು?" ಎಂದಳು. ಎಂಟು ದಿನ ಎಂದೆ. ನನಗೆ ಬಹಳ ಬೇಸರವಾಯಿತು, ಆದರೆ ಗುಮಾಸ್ತರ ಬೇಸರಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಐದು ವಾರಗಳ ನಂತರ ಮಂಡಳಿಯ ಕಾರ್ಯದರ್ಶಿ ಹಯಗ್ರೀವ ಉಪಾಧ್ಯರಿಂದ ಪತ್ರ ಬಂತು. ಓದುಗರ ಹಿಂದಿನ ಬದುಕು ಹೇಗಿತ್ತು, ಈಗಿನ ಬದುಕು ಹೇಗಿದೆ, ಬದಲಾವಣೆಗೆ ಪೂರ್ವಾನುಮತಿ ಪಡೆಯಲಾಗಿತ್ತೇ ಎಂಬ ವಿವರಗಳನ್ನು ಮೂರು ಪ್ರತಿಗಳಲ್ಲಿ ಸಲ್ಲಿಸುವುದು ಎಂದಿತ್ತು. ಸ್ಥಳ ತನಿಖೆಗೆ ಕಾರ್ಕಳದಿಂದ ತಪಾಸಣಾಧಿಕಾರಿ ಭುಜಂಗ ಹೆಗ್ಡೆಯವರು ಬಂದರು. ನಾನು ಫೈಲು ಹಿಡಿದು ಅವರ ಜತೆ ಉಚ್ಚಿಲಕ್ಕೆ ಹೋದೆ.

"ಬದುಕು ಎಲ್ಲೆಲ್ಲಿ ಬದಲಾಗಿದೆ, ತೋರಿಸು," ಎಂದರು ಹೆಗ್ಡೆಯವರು.

ಕುಶಲಾ ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಮುಂಚೆ ಕಟ್ಟಿದ ಬೀಡಿ ಎಣಿಸಿ ತೆಗೆದುಕೊಳ್ಳುವ ಬ್ರಾಂಚಿನ ಶೀನಣ್ಣ ನನ್ನ ಒಳ್ಳೆಯ ಬೀಡಿಯನ್ನೂ ಹಾಳು ಅಂತ ಹೇಳಿ ಪಕ್ಕಕ್ಕೆ ತೆಗೆದು ತಾವೇ ಇಟ್ಟುಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ಬರುತ್ತಿದ್ದೆ. ಮೂರನೆಯ ಸಂಪುಟದಲ್ಲಿ ಮುಕ್ತಾವಳಿ ಮಂತ್ರಿಯ ಹತ್ತಿರ, ಹಾಳು ಮುತ್ತಾದರೆ ನೀನು ಯಾಕೆ ಕಿಸೆಗೆ ಹಾಕುವುದು ಅಂತ ಕೇಳುತ್ತಾಳೆ. ನಾನೂ ಕೇಳಿದೆ."

"ಶೀನ ಎಂತ ಹೇಳಿದ?"

"ಎಂತ ಹೇಳುವುದು? ಕೆಮ್ಮಿದರು. ಈಗ ಅಪ್ಪಿ ಚಿಕ್ಕಮ್ಮನೂ ಕೇಳುತ್ತಾರೆ, ಬೀಡಿ ಕೊಡಲು ನಿಲ್ಲುವ ಇಡೀ ಸಾಲಿನವರು ಕೇಳುತ್ತಾರೆ."

ಬ್ರಾಂಚಿನ ಶೀನ ಶೆಟ್ಟಿ ಹೆಗ್ಡೆಯವರ ಹೆಂಡತಿಯ ಖಾಸಾ ತಮ್ಮ. ಇದು ತನಿಖೆಯ ಮೇಲೆ ಯಾವ ಪರಿಣಾಮವನ್ನೂ ಬೀರಲಿಲ್ಲ ಎಂದು ಹೆಗ್ಡೆಯವರೇ ವರದಿಯ ಮೊದಲ ಸಾಲಿನಲ್ಲಿ ಬರೆದಿದ್ದಾರೆ. ಬದಲಾವಣೆ ಗಂಭೀರ ಸ್ವರೂಪದ್ದು, ಓದು ಬಾರದವರಿಗೂ ಪುಟ ತಿರುಗಿಸುವುದರಿಂದ ಹರಡುವಂಥದ್ದು, ವೈದ್ಯಕೀಯ ಅಭಿಪ್ರಾಯ ಅಗತ್ಯ ಎಂಬುದು ಎರಡನೆಯ ಸಾಲು.

ಆದ್ದರಿಂದ ಕುಶಲಾಳನ್ನು ಮಣಿಪಾಲದಲ್ಲಿ ಖಾಸಗಿ ಚಿಕಿತ್ಸಾಲಯ ಇಟ್ಟಿದ್ದ ಲೂಯಿಸ್ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ನಾಡಿ ಹಿಡಿದು, ನಾಲಗೆ ನೋಡಿ, "ಬದುಕಿದ್ದಾರೆ. ಬದಲಾವಣೆಯ ಬಗ್ಗೆ ಹೇಳಬೇಕಾದರೆ ಹಿಂದಿನ ಎಕ್ಸ್‌ರೇ ಬೇಕು" ಎಂದು ಬರೆದುಕೊಟ್ಟರು. ಹಿಂದಿನ ಎಕ್ಸ್‌ರೇ ಇರಲಿಲ್ಲ. ಬರುವಾಗ ಬಸ್ಸಿನಲ್ಲಿ ಕುಶಲಾ, "ಅವಳು ನೆರಳು ಕೊಡಲಿಕ್ಕಿಲ್ಲ ಅಲ್ವಾ?" ಎಂದು ಕೇಳಿದಳು. ನಾನು ಏಳನೆಯದನ್ನು ಓದಿರಲಿಲ್ಲ, ಯಾವುದನ್ನೂ ಓದಿರಲಿಲ್ಲ. ಪುಸ್ತಕಗಳ ನಡುವೆ ಕೂತವನಿಗೆ ನಾಚಿಕೆಯಾಯಿತು. ಆ ವಾರವೇ ಒಂದನೆಯದನ್ನು ಮನೆಗೆ ಕೊಂಡುಹೋದೆ.

ಮಂಡಳಿಯ ಆದೇಶ ಮರುವರ್ಷ ಬಂತು. "ಸದರಿ ಪುಸ್ತಕದಿಂದ ನನ್ನ ಬದುಕಿನಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ, ಹಿಂದೆ ಹೇಗೆ ತಲೆ ತಗ್ಗಿಸುತ್ತಿದ್ದೆನೋ ಮುಂದೆಯೂ ಹಾಗೆಯೇ ತಗ್ಗಿಸತಕ್ಕದ್ದು" ಎಂಬ ಒಪ್ಪಿಗೆ ಪತ್ರಕ್ಕೆ ಓದುಗರು ಸಹಿ ಹಾಕಿದ ತಕ್ಷಣ ಏಳನೆಯ ಸಂಪುಟ ಕೊಡುವುದು. ನಾನು ಪೆನ್ನು ಮತ್ತು ಸಂಪುಟ ಎರಡನ್ನೂ ಮೇಜಿನ ಮೇಲಿಟ್ಟೆ. ಅವಳು ಪತ್ರವನ್ನು ಎರಡು ಸಲ ಓದಿದಳು. ಪುಸ್ತಕದ ಮೇಲೆ ಕೈಯಿಟ್ಟಳು.

"ಸಹಿ ಹಾಕಿಬಿಡು ಮಾರಾಯ್ತಿ," ಎಂದೆ. "ಯಾರು ನೋಡುತ್ತಾರೆ?"

"ಮುಕ್ತಾವಳಿ ನೋಡುತ್ತಾಳಲ್ಲ," ಎಂದಳು. "ಅವಳಿಂದ ನನಗೆ ಎಂತದೂ ಆಗಲಿಲ್ಲ ಅಂತ ಬರೆದುಕೊಟ್ಟು, ಮತ್ತೆ ಅವಳ ಕಥೆಯನ್ನೇ ಓದುವುದು ಯಾವ ಮುಖದಲ್ಲಿ?"

ಸಹಿ ಹಾಕದೆ ಹೋದಳು. ಬಸ್ಸು ಹೊರಟ ಮೇಲೂ ನಾನು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ಸಹಿ ನಿರಾಕರಣೆ ನಮ್ಮಲ್ಲಿ ಮೊದಲನೆಯದಾದ್ದರಿಂದ ಪರಿಶೀಲನಾ ಸಮಿತಿ ರಚನೆಯಾಯಿತು. ಸದಸ್ಯರು ಉಪಾಧ್ಯರು ಮತ್ತು ಹೆಗ್ಡೆಯವರು. ಏಳನೆಯ ಸಂಪುಟವನ್ನು ಮುಖ್ಯ ಸಾಕ್ಷ್ಯವೆಂದು ಅರಗಿನ ಮುದ್ರೆ ಒತ್ತಿ, ಉಡುಪಿ ಕಚೇರಿಯ ಗೋಪ್ಯ ಕಪಾಟಿನಲ್ಲಿ ಇಟ್ಟರು. ಬದುಕನ್ನು ಯಾವ ಪುಟ ಬದಲಿಸಿತು ಎಂದು ಪತ್ತೆ ಮಾಡಲು ಉಳಿದ ಆರನ್ನು ಸಮಿತಿ ಓದತಕ್ಕದ್ದು ಎಂದು ತೀರ್ಮಾನವಾಯಿತು. ತಿಂಗಳಿಗೆ ಇಪ್ಪತ್ತು ಪುಟ ಎಂಬ ಗುರಿ ಇತ್ತು. ಎರಡನೆಯ ಸಂಪುಟ ಅರ್ಧವಾಗುವಾಗ ಉಪಾಧ್ಯರು ಕಚೇರಿಯ ಬಾಗಿಲಿಗೆ "ಅಧಿಕಾರಿಗಳು ಸ್ಥಳ ಪರಿಶೀಲನೆಯಲ್ಲಿದ್ದಾರೆ" ಎಂಬ ಫಲಕ ತೂಗುಹಾಕಿ ಒಳಗೆ ಕೂತು ಓದಲು ಶುರು ಮಾಡಿದರು. ಹೆಗ್ಡೆಯವರು ತಮ್ಮ ಸರದಿ ಬರುವ ತನಕ ಕಾಯಲಾರದೆ ಕಾರ್ಕಳದಿಂದ ಉಪಾಧ್ಯರಿಗೆ ದಿನಕ್ಕೆ ಎರಡು ಸಲ ಟ್ರಂಕ್ ಕಾಲ್ ಮಾಡಿ, "ಆ ಮೀನು ಬದುಕಿದೆಯಾ?" ಎಂದು ಕೇಳುತ್ತಿದ್ದರು. ಪ್ರತಿ ಸಂಪುಟದ ಕೊನೆಯಲ್ಲಿ ಇಬ್ಬರೂ "ನಮ್ಮ ಬದುಕು ಬದಲಾಗಿರುವುದಿಲ್ಲ" ಎಂದು ಬರೆದು ಸಹಿ ಹಾಕಿದ್ದಾರೆ. ಹಾಕದಿದ್ದರೆ ಮುಂದಿನದು ಸಿಗುತ್ತಿರಲಿಲ್ಲ.

೧೯೮೦ರ ನವೆಂಬರಿನಲ್ಲಿ ಆರನೆಯದು ಮುಗಿಯಿತು. ಸಾಕ್ಷ್ಯ ಪರಿಶೀಲಿಸಲು ಗೋಪ್ಯ ಕಪಾಟು ತೆರೆದರು. ಎರಡು ಮಳೆಗಾಲ ಯಾರೂ ತೆರೆಯದ ಕಪಾಟು ಅದು. ಅರಗಿನ ಮುದ್ರೆ ಸುಸ್ಥಿತಿಯಲ್ಲಿತ್ತು, ರಟ್ಟು ಸುಸ್ಥಿತಿಯಲ್ಲಿತ್ತು. ಒಳಗೆ ಒಂದು ಪುಟವೂ ಇರಲಿಲ್ಲ, ಗೆದ್ದಲಿನ ಮಣ್ಣು ಇತ್ತು. ಉಪಾಧ್ಯರು ನೆಲದ ಮೇಲೆಯೇ ಕೂತರು.

"ಅವಳ ಒಂದು ಕಾಲು ಇನ್ನೂ ಹೊಸ್ತಿಲಲ್ಲೇ ಉಂಟಲ್ಲ," ಎಂದರು.

ಪ್ರಕಾಶಕರಿಗೆ ತಂತಿ ಹೋಯಿತು. ಪ್ರತಿಗಳು ಮುಗಿದಿವೆ, ಮರುಮುದ್ರಣ ಯಾವಾಗ ಎಂದು ಹೇಳಲಾಗದು ಎಂದು ಉತ್ತರ ಬಂತು. ಆಗ ನಾನು ಒಂದು ವಿಷಯವನ್ನು ಮಂಡಳಿಯ ಗಮನಕ್ಕೆ ತಂದೆ. ಮುಂದೆ ಎಂತಾಯಿತು ಎಂದು ಅಪ್ಪಿಯೂ ಸಾಲಿನ ಹೆಂಗಸರೂ ಪೀಡಿಸಿದ್ದರಿಂದ, ಪುಸ್ತಕ ಸಿಗದ ಕುಶಲಾ ಏಳನೆಯ ಸಂಪುಟವನ್ನು ತಾನೇ ಹೇಳಲು ಶುರು ಮಾಡಿದ್ದಳು. ಉಚ್ಚಿಲದಲ್ಲಿ ಮಧ್ಯಾಹ್ನದ ಹೊತ್ತು ಅದು ನಡೆಯುತ್ತಿತ್ತು.

ಮಾರನೆಯ ದಿನವೇ ಸಮಿತಿ ಜೀಪಿನಲ್ಲಿ ಬಂತು. ದಾರಿ ತೋರಿಸಲು ಶೀನ ಶೆಟ್ಟಿಯೂ ಜತೆಗೆ ಬಂದ, ಅವನ ಬ್ರಾಂಚು ಇದ್ದದ್ದು ಮೂರು ಮನೆ ಆಚೆಗೆ. ಅಧಿಕಾರಿಗಳು ಜಗಲಿಯಲ್ಲಿ ಹೆಂಗಸರ ನಡುವೆ ಚಾಪೆಯ ಮೇಲೆ ಕೂತರು. ಕುಶಲಾ ಎಲೆ ಸುರುಟುತ್ತಾ ಹೇಳಿದಳು. ನೆರಳೋ ಸ್ವರವೋ ಎಂದು ಕೇಳಿದ ಮಂತ್ರಿಗೆ ಮುಕ್ತಾವಳಿ, "ಯಾವ ತಲೆ ಕೇಳುತ್ತಿರುವುದು? ಮೂರೂ ಮೊದಲು ಒಮ್ಮತಕ್ಕೆ ಬನ್ನಿ, ಮತ್ತೆ ಉತ್ತರ ಕೊಡುತ್ತೇನೆ" ಎನ್ನುತ್ತಾಳೆ. ತಲೆಗಳು ತಮ್ಮತಮ್ಮಲ್ಲೇ ಚರ್ಚೆಗೆ ಶುರು ಮಾಡುತ್ತವೆ. ಚರ್ಚೆ ಮುಗಿಯುವುದಿಲ್ಲ. ಅಷ್ಟರಲ್ಲಿ ಅವಳು ಎಲ್ಲರ ನೆರಳುಗಳನ್ನು ಮಡಚಿ ಬುಟ್ಟಿಯಲ್ಲಿ ಹಾಕಿಕೊಂಡು, ಬಂದ ಬಾಗಿಲಿನಿಂದಲೇ ಹೊರಗೆ ಹೋಗುತ್ತಾಳೆ.

ಉಪಾಧ್ಯರು ಕಣ್ಣು ಒರೆಸಿಕೊಂಡು, "ಇದು ಕಾರ್ಯವಿಧಾನಕ್ಕೆ ಅನುಗುಣವಾಗಿ ಉಂಟು," ಎಂದರು.

ಮರುದಿನ ಶೀನ ಶೆಟ್ಟಿ ಒಂದೇ ಒಂದು ಒಳ್ಳೆಯ ಬೀಡಿಯನ್ನೂ ಪಕ್ಕಕ್ಕೆ ಹಾಕಲಿಲ್ಲ. ಅವನ ಬದುಕು ಬದಲಾಯಿತಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಬರೆಯಬೇಕಾಗುತ್ತಿತ್ತು.

ದಾಸ್ತಾನು ಪುಸ್ತಕದ ಪ್ರಕಾರ ಸಂಪುಟಗಳು ಏಳು ಇರಬೇಕು. ಕಪಾಟಿನಲ್ಲಿ ಇದ್ದದ್ದು ಆರು, ಉಚ್ಚಿಲದಲ್ಲಿ ಒಂದು. ಹೀಗಾಗಿ ಮಂಡಳಿಯು ಸರ್ವಾನುಮತದಿಂದ ಕುಶಲಾಳನ್ನೇ ಏಳನೆಯ ಸಂಪುಟವೆಂದು ದಾಖಲಿಸಿಕೊಂಡಿತು. ಮಂಡಳಿಯ ಮೊಹರನ್ನು ಪುಸ್ತಕದ ಮೊದಲ ಪುಟಕ್ಕೂ ಹದಿನೇಳನೆಯ ಪುಟಕ್ಕೂ ಒತ್ತುವುದು ಕ್ರಮ. ಮೊದಲನೆಯದನ್ನು ಅವಳ ಅಂಗೈಗೆ ಒತ್ತಿದೆವು, ಹದಿನೇಳನೆಯದು ಯಾವುದೆಂದು ತಿಳಿಯದೆ ತಡ್ಪೆಗೆ ಒತ್ತಿದೆವು. ರಟ್ಟು ಹಾಕಿಸಬೇಕೇ ಎಂದು ಹೆಗ್ಡೆಯವರು ಕೇಳಿದರು. ಸೀರೆ ಸಾಕು ಎಂದಳು. ಆಮೇಲೆ ಹೆಜಮಾಡಿಯ ಮಹಿಳಾ ಮಂಡಲದವರು ಅವಳನ್ನು ಎರಡು ದಿನಕ್ಕೆ ಎರವಲು ತೆಗೆದುಕೊಂಡರು. ಪಡುಬಿದ್ರಿಯವರು ಒಂದು ದಿನ ತಡವಾಗಿ ಹಿಂದಿರುಗಿಸಿದ್ದಕ್ಕೆ ನಾನು ಸರಿಯಾಗಿ ಬೈದೆ.

"ಎಲ್ಲ ಸರಿ," ಎಂದಳು ಕುಶಲಾ ಒಂದು ದಿನ. "ಆದರೆ ಏಳನೆಯದನ್ನು ನಾನು ಓದಲೇ ಇಲ್ಲವಲ್ಲ. ಪುನಃ ಪ್ರಿಂಟಾದರೆ ನನಗೆ ಕೊಡುತ್ತೀರಾ?"

ನಾನು ಅವಳ ಪರವಾಗಿ ಅರ್ಜಿ ಹಾಕಿದೆ. ಪುಸ್ತಕಕ್ಕೆ ಪುಸ್ತಕವನ್ನು ಎರವಲು ಕೊಡಲು ಅವಕಾಶವಿಲ್ಲ ಎಂದು ಅರ್ಜಿ ತಿರಸ್ಕೃತವಾಯಿತು. ಅಂದು ರಾಜೀನಾಮೆ ಬರೆದು ಹರಿದು ಹಾಕಿದೆ. ನಾನು ಹೋದರೆ ಅವಳ ಅರ್ಜಿ ಬರೆಯುವವರು ಯಾರು?

೧೯೮೩ರಲ್ಲಿ ಮರುಮುದ್ರಣವಾಯಿತು. ಏಳನೆಯ ಸಂಪುಟದ ಹೊಸ ಪ್ರತಿಯನ್ನು ಸಮಿತಿ ನಮ್ಮ ದಾಸ್ತಾನಿನಲ್ಲಿದ್ದ ಪ್ರತಿಯೊಂದಿಗೆ ಹೋಲಿಸಿ ನೋಡಿತು. ಹೊಸದರಲ್ಲಿ ಮುಕ್ತಾವಳಿ ತನ್ನ ಸ್ವರವನ್ನು ಮಂತ್ರಿಗೆ ಒಪ್ಪಿಸಿ, ಅವನ ಸೋದರಳಿಯನನ್ನು ಮದುವೆಯಾಗಿ, ಮಾತಿಲ್ಲದೆ ಸುಖವಾಗಿ ಇರುತ್ತಾಳೆ. ಮೂಲದೊಂದಿಗೆ ತಾಳೆಯಾಗದ ಕಾರಣ ಪ್ರತಿಯನ್ನು ರದ್ದಿಗೆ ಹಾಕಲು ಆದೇಶವಾಯಿತು. ರದ್ದಿ ಕಾಗದವನ್ನು ಯಾರು ಬೇಕಾದರೂ ಒಯ್ಯಬಹುದು. ನಾನು ಅರ್ಧ ದಿನ ರಜೆ ಹಾಕಿ, ಅದನ್ನು ಚೀಲದಲ್ಲಿಟ್ಟುಕೊಂಡು ಉಚ್ಚಿಲದ ಬಸ್ಸು ಹತ್ತಿದೆ.

ಕುಶಲಾ ಕೈ ತೊಳೆದುಕೊಂಡು ಬಂದಳು. ಆ ದಿನ ಬೀಡಿ ಮುಟ್ಟಲಿಲ್ಲ. ಐದು ವರ್ಷ ಕಾದದ್ದನ್ನು ಗೋಡೆಗೆ ಒರಗಿ ಕೂತು, ಊಟಕ್ಕೂ ಏಳದೆ ಓದಿದಳು. ನಾನು ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಮುಗಿದಾಗ ಸಂಜೆ ಐದಾಗಿತ್ತು. ಪುಸ್ತಕ ಮುಚ್ಚಿ, ಸಿಟ್ಟೂ ಇಲ್ಲದೆ ದುಃಖವೂ ಇಲ್ಲದೆ, "ಇದು ತಪ್ಪಿದೆ ಮಾರಾಯ್ರೆ," ಎಂದಳು. "ಅವಳು ಹಾಗೆ ಮಾಡುವವಳಲ್ಲ. ಸ್ವಲ್ಪ ಅವರಿಗೆ ಬರೆದು ಹಾಕಿ."

ಮಂಡಳಿಯ ಮೂಲಕ ಬರೆದು ಹಾಕಿದೆವು. ತಪ್ಪಿಗೆ ವಿಷಾದಿಸುತ್ತೇವೆ, ಮುಂದಿನ ಮುದ್ರಣದಲ್ಲಿ ಸರಿಪಡಿಸಲಾಗುವುದು, ತಮ್ಮಲ್ಲಿರುವ ಸರಿಯಾದ ಪ್ರತಿಯನ್ನು ನಕಲು ಮಾಡಿಕೊಳ್ಳಲು ಇಬ್ಬರನ್ನು ಕಳುಹಿಸುತ್ತಿದ್ದೇವೆ ಎಂದು ಪ್ರಕಾಶಕರು ಉತ್ತರಿಸಿದರು. ಇಬ್ಬರು ಗೃಹಸ್ಥರು ಪೆನ್ಸಿಲು, ದಪ್ಪ ನೋಟ್‌ಬುಕ್ಕು ಹಿಡಿದು ಬಂದು ಜಗಲಿಯಲ್ಲಿ ಕೂತರು. ಕುಶಲಾ ಅವರಿಗೆ ಬೆಲ್ಲ ನೀರು ಕೊಟ್ಟು, ಮೊದಲಿನ ಆರು ಸಂಪುಟ ಓದಿದ್ದೀರಾ ಎಂದು ಕೇಳಿದಳು. ಓದಿರಲಿಲ್ಲ, ಪ್ರಿಂಟು ಮಾಡಿದ್ದರು ಅಷ್ಟೆ. ಹಾಗಾದರೆ ಓದಿ ಬನ್ನಿ ಎಂದು ಅವರನ್ನು ಕಾಪುವಿಗೆ ಕಳುಹಿಸಿದಳು. ನಾನು ಅವರಿಂದ ಸದಸ್ಯತ್ವದ ಅರ್ಜಿ ತುಂಬಿಸಿ, ಒಂದನೆಯ ಸಂಪುಟವನ್ನು ಹದಿನಾಲ್ಕು ದಿನಗಳ ಮಟ್ಟಿಗೆ ಕೊಟ್ಟೆ.