ಗಾರೆ ಕಾಣದ ಗೋಡೆ

ಯಾವುದರ ಮೇಲೆ ತೆರಿಗೆ ಬೀಳುತ್ತದೋ ಅದು ಊರಿನಿಂದ ಮೆಲ್ಲಗೆ ಮಾಯವಾಗುತ್ತದೆ! ಇದು ನನ್ನ ಸಿದ್ಧಾಂತ. ಎಲ್ಲೋ ಓದಿ ಉರುಹೊಡೆದದ್ದಲ್ಲ, ದಿನಾ ಬೆಳಿಗ್ಗೆ ಬೀದಿಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಾ ಕಣ್ಣಾರೆ ಕಂಡದ್ದು. ನಮ್ಮ ಮನೆಯ ಮಟ್ಟಿಗೆ ಹಾಗೆ ಮಾಯವಾದದ್ದು ಮುಂದಿನ ಗೋಡೆಯ ಗಾರೆ. ಪಾಂಡವಪುರದ ನಮ್ಮ ಬೀದಿಯಲ್ಲಿ ಒಂದು ಗಟ್ಟಿ ನಂಬಿಕೆಯಿತ್ತು: ಮುಗಿದ ಮನೆಗೆ ಪೂರಾ ಕಂದಾಯ, ಮುಗಿಯದ ಮನೆಗೆ ಸ್ವಲ್ಪ ದಯೆ. ಹಾಗಾಗಿ ಬೀದಿಯಲ್ಲಿ ಯಾರೂ ಮನೆ ಮುಗಿಸುತ್ತಲೇ ಇರಲಿಲ್ಲ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ನಮ್ಮಪ್ಪನಂತೂ ಈ ವಿದ್ಯೆಯಲ್ಲಿ ಕಲಾವಿದ. ಬಾಗಿಲ ಮುಂದೆ ಮರಳಿನ ಗುಡ್ಡೆ, ತಾರಸಿಯ ಮೇಲೆ ಆಕಾಶಕ್ಕೆ ಕೈಮುಗಿದು ನಿಂತ ಕಬ್ಬಿಣದ ಸರಳುಗಳು, ಬೆತ್ತಲೆ ಇಟ್ಟಿಗೆಯ ಗೋಡೆ. ಎಲ್ಲಕ್ಕೂ ಕಳಶವಿಟ್ಟಂತೆ, ಕಟ್ಟುತ್ತಿರುವ ಮನೆಗೆ ಕಟ್ಟುವ ದೃಷ್ಟಿಬೊಂಬೆ! ಬಿಲ್ ಕಲೆಕ್ಟರು ಬರುವ ಕಾಲ ಹತ್ತಿರವಾದಾಗಲೆಲ್ಲ ಅಪ್ಪ ಅದಕ್ಕೆ ಹೊಸ ಹುಲ್ಲು ತುಂಬಿ, ಮಡಕೆಯ ಮುಖಕ್ಕೆ ಮೀಸೆ ತಿದ್ದುತ್ತಿದ್ದ. ನಾನು ಕಾಲೇಜಿನಲ್ಲಿದ್ದ ಆ ಒಂದು ವರ್ಷ ಬೊಂಬೆಗೆ ತೊಡಿಸಿದ್ದು ನನ್ನ ಬಿಳಿಯ ತುಂಬುತೋಳಿನ ಅಂಗಿ. ಎಷ್ಟೋ ಚರ್ಚಾಸ್ಪರ್ಧೆಗಳಲ್ಲಿ ಕಾಲರು ಸವೆಸಿಕೊಂಡದ್ದು.

ಆಗ ನನಗೆ ಮೈಯೆಲ್ಲ ವಾದ. ಸರ್ಕಾರ ಮಾರುಕಟ್ಟೆಯ ಬಾಗಿಲು ತೆರೆಯುತ್ತಿದೆಯೆಂದು ಪೇಪರಿನವರು ದಿನಾ ಬರೆಯುತ್ತಿದ್ದ ಕಾಲ ಅದು. 'ತೆರೆದರೆ ಸಾಲದು, ಬಾಗಿಲನ್ನೇ ಕಿತ್ತುಹಾಕಿ!' ಎಂದು ನಾನು ನಾಗಮಂಗಲದಿಂದ ಕೆ.ಆರ್. ಪೇಟೆಯವರೆಗೆ ಕಂಡ ಕಾಲೇಜಿನ ವೇದಿಕೆಯಲ್ಲೆಲ್ಲ ಕೈಚಾಚಿ ಗುಡುಗುತ್ತಿದ್ದೆ. ಸಬ್ಸಿಡಿಯೇ ಕೂಡದೆಂದು ಗುಡುಗಲು ಹೋಗುತ್ತಿದ್ದುದು ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸಿನಲ್ಲಿ ಎಂಬುದನ್ನು ಎದುರಾಳಿಗಳು ಯಾರೂ ಪತ್ತೆಹಚ್ಚಲಿಲ್ಲ, ನಾನೂ ನೆನಪಿಸಲಿಲ್ಲ. ವಸತಿಯ ವಿಷಯ ಬಂದರೆ ಬೆಳಗೊಳದ ಕಡೆಯ ನಮ್ಮತ್ತೆಯ ಎಮ್ಮೆಯನ್ನು ವೇದಿಕೆಗೆ ಎಳೆದು ತರುತ್ತಿದ್ದೆ. ಸರ್ಕಾರ ಅತ್ತೆಗೆ ಸಾಲುಮನೆಯಲ್ಲಿ ಒಂದು ಮನೆ ಕೊಟ್ಟಿತ್ತು. ಎಮ್ಮೆ ಕಟ್ಟಲು ಗೇಣು ಜಾಗ ಬಿಟ್ಟಿರಲಿಲ್ಲ. ಕೊನೆಗೆ ಎಮ್ಮೆ ಒಳಗೆ, ಅತ್ತೆ ಜಗಲಿಯಲ್ಲಿ! "ನಿಂಗೆ ಎಂಥ ಮನೆ ಬೇಕವ್ವಾ ಅಂತ ಒಬ್ರಾದ್ರೂ ಕೇಳಿದ್ರೆ ಯೋಳ್ತಿದ್ದೆ ಕಣ್ಲಾ. ಯಾವನು ಕೇಳ್ದ?" ಎನ್ನುತ್ತಿದ್ದಳು ಅತ್ತೆ. ಆರ್ಥಿಕ ಯೋಜನೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇವತ್ತಿಗೂ ಕೇಳಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮಕ್ಕ ಗಿರಿಜಳಿಗೆ ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂತು. ಭಾನುವಾರ ಅವರು ಹೆಣ್ಣು ನೋಡಲು ಬರುವುದೆಂದಾಯಿತು. ಹುಡುಗ ಶಿವರಾಜು, ಪಶು ಆಸ್ಪತ್ರೆಯಲ್ಲಿ ಕೆಲಸ. ತೊಣ್ಣೂರಿನ ಒಂದು ಮದುವೆಯಲ್ಲಿ ಅವನು ಬಡಿಸುವಾಗ ಅಕ್ಕನ ಎಲೆಗೆ ಕೇಳದೆಯೇ ಎರಡನೇ ಸಲ ಪಾಯಸ ಬಿಟ್ಟಿದ್ದನಂತೆ. ಅವತ್ತಿನಿಂದ ಅವಳು ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಗಿತ್ತು. ಆದರೆ ಅವ್ವನಿಗೆ ದಿಗಿಲು. ಹಿಂದೆ ಬಂದ ಗಂಡಿನವರು ಕಾಫಿ ಕುಡಿದು, ಗೋಡೆ ನೋಡಿ, "ಮನೆ ಮುಗಿಸಕಾಗ್ದೋರು ಮದ್ವೆ ಏನ್ ಮಾಡಾರು" ಎಂದು ಬೀದಿ ದಾಟುವ ಮೊದಲೇ ಆಡಿಕೊಂಡಿದ್ದರು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

"ಈ ಸಂಬಂಧನೂ ಕೈ ತಪ್ಪೋದ್ರೆ ನಾ ಸುಮ್ಕಿರಕಿಲ್ಲ. ಭಾನ್ವಾರದೊಳ್ಗೆ ಗಾರೆ ಮೆತ್ತುಸು ಅಂತ ನಿಮ್ಮಪ್ಪಂಗೆ ಯೋಳು" ಎಂದಳು ಅವ್ವ. ಅಪ್ಪ ಎದುರಿಗೇ ಕೂತಿದ್ದ.

"ಗಾರೆ ಬಿದ್ದ ಮಾರನೇ ದಿನ ಬಿಲ್ ಕಲೆಕ್ಟ್ರು ಬತ್ತಾನೆ ಅಂತ ನಿಮ್ಮವ್ವಂಗೆ ಯೋಳು" ಎಂದ ಅಪ್ಪ.

ಹೇಳುವ ಕೆಲಸ ನನ್ನದಾಯಿತಲ್ಲ, ಬಿಟ್ಟೇನೆಯೇ! "ಅವ್ವಾ, ಇದು ಜಿಪುಣತನ ಅಲ್ಲ. ತಾನು ಬೆವರು ಸುರಿಸಿ ಗೋಡೆ ಚೆಂದ ಮಾಡಿಕೊಂಡವನಿಗೆ ದಂಡ, ಹಾಗೇ ಬಿಟ್ಟವನಿಗೆ ಬಹುಮಾನ ಅಂದ್ರೆ..." ಎಂದು ಶುರುಮಾಡಿದೆ.

"ಲೇ, ನಿನ್ನ ಭಾಸ್ಣನೇ ಕಲಸಿ ಗೋಡೆಗೆ ಮೆತ್ತು. ಗಾರೆ ಆದ್ರೂ ಆಯ್ತದೆ" ಎಂದು ಅವ್ವ ಒಳಗೆ ಹೋದಳು. ಅಕ್ಕ ಬೊಂಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಭಾನುವಾರ ಬಂದೇಬಿಟ್ಟಿತು, ಗಾರೆ ಬರಲಿಲ್ಲ. ಹುಡುಗನ ಜೊತೆ ಅವನನ್ನು ಮನೆಯಲ್ಲಿಟ್ಟುಕೊಂಡು ಸಾಕಿದ ಸೋದರಮಾವ ಬಂದಿದ್ದರು. ಕಂಬಳಿಹುಳದಂಥ ಹುಬ್ಬಿನ ದೊಡ್ಡ ಆಳು. ಮರಳು, ಗೋಡೆ, ಬೊಂಬೆ ಎಲ್ಲವನ್ನೂ ಅಳೆದು ನೋಡಿ, "ಏನ್ ಯಜಮಾನ್ರೇ, ಕೆಲ್ಸ ಇನ್ನೂ ನಡೀತಾ ಅದೋ, ನಿಂತೋಗದೋ?" ಎಂದರು. ಅಪ್ಪ ಗಂಟಲು ಸರಿಮಾಡಿಕೊಂಡ. ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ನಾನು ಎದ್ದು ನಿಂತೆ!

ಏನು ಮಾತಾಡಿದೆ ಅಂತೀರಿ! ನಮ್ಮದು ಕೈಲಾಗದ ಗೋಡೆಯಲ್ಲ, ಲೆಕ್ಕ ಹಾಕಿ ನಿಲ್ಲಿಸಿದ ಗೋಡೆ ಎಂದೆ. ಕಂದಾಯ ಹೀಗಿದ್ದರೆ ಜನ ಹೀಗೇ ಕಟ್ಟುತ್ತಾರೆ ಎಂದೆ. ಗಾರೆ ಕೆಲಸದವನ ಕೂಲಿ ಹೋಯಿತು, ಸಿಮೆಂಟಿನಂಗಡಿಯವನ ವ್ಯಾಪಾರ ಹೋಯಿತು, ಬೀದಿಯ ಅಂದ ಹೋಯಿತು, ಸರ್ಕಾರಕ್ಕಾದರೂ ಏನು ಬಂತು ಎಂದು ಎರಡೂ ಕೈ ಚಾಚಿ ಕೇಳಿದೆ. ಅಪ್ಪ ಬೆವರುತ್ತಿದ್ದ.

ಹುಬ್ಬಿನ ಮಾವ ಕೇಳಿಸಿಕೊಂಡು, "ಅಂದ್ರೆ ತಾಕತ್ತಿಲ್ದೆ ಬುಟ್ಟಿದ್ದಲ್ಲ, ಕಂದಾಯ ಕಟ್ಬಾರ್ದು ಅಂತ ಬುಟ್ಟಿದ್ದು?" ಎಂದರು.

"ನೂರಕ್ಕೆ ನೂರು!" ಎಂದೆ.

ಅವರು ತೊಡೆ ತಟ್ಟಿ ನಕ್ಕರು. "ಅಂಗನ್ನಿ ಮತ್ತೆ! ನಾನು ಮಹಡಿ ಕಟ್ಟಿ, ಮೆಟ್ಲೇ ಹಾಕ್ಸದೆ ಬುಟ್ಟಿವ್ನಿ. ಮೆಟ್ಲಿಲ್ಲ ಅಂದ್ಮೇಲೆ ಅದು ಮಹಡಿ ಎಂಗಾಯ್ತದೆ? ಏಣಿ ಹತ್ತಿ ಓಯ್ತೀವಿ. ಮದ್ವೆ ಆದ್ಮೇಲೆ ಇವ್ರ ಸಂಸಾರನೂ ಅಲ್ಲೇಯ!" ಅಪ್ಪನ ಮುಖ ಅರಳಿತು. ಅಜ್ಞಾತವಾಸದಲ್ಲಿದ್ದ ಅಣ್ಣತಮ್ಮಂದಿರು ಗುರುತು ಸಿಕ್ಕಿ ಅಪ್ಪಿಕೊಂಡಂತೆ ಇಬ್ಬರೂ ಹತ್ತಿರ ಸರಿದು ಕೂತರು. ಆಹಾ, ಗೆದ್ದೆ!

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ತಟ್ಟೆಯನ್ನು ಯಾರ ಮುಂದೂ ಹಿಡಿಯಲಿಲ್ಲ. "ಬಿಂದಿಗೆ ಇಟ್ಕೊಂಡು ಏಣಿ ಅತ್ತಕೆ ನನ್ ಕೈಲಿ ಆಗಕಿಲ್ಲ. ಮೆಟ್ಲು ಕಟ್ಸಿ, ಆಮೇಲೆ ಮಾತಾಡಿ" ಎಂದಳು. ನಮ್ಮವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟೂ ಹೊತ್ತು ನೆಲ ನೋಡುತ್ತಿದ್ದ ಶಿವರಾಜು ತಲೆಯೆತ್ತಿ, "ಕಟ್ಸಾನ ಬುಡಿ" ಎಂದ. ಅವತ್ತು ಅವನು ಆಡಿದ್ದು ಅಷ್ಟೇ. ಅಕ್ಕ ಕಾಫಿ ಮೊದಲು ಅವನಿಗೇ ಕೊಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅವ್ರು ಮೆಟ್ಲು ಕಟ್ಸುದ್ರೆ ನೀನು ಗಾರೆ ಹಾಕುಸ್ಬೇಕು. ನನ್ ಚಪ್ರ ಬೊಂಬೆ ಕೆಳಗೆ ಬ್ಯಾಡ" ಎಂದಳು.

ನೋಡಿದಿರಾ! ಯಾವ ಇಲಾಖೆಯೂ ಇಲ್ಲದೆ, ಯಾವ ಯೋಜನೆಯೂ ಇಲ್ಲದೆ, ಎರಡು ತಾಲ್ಲೂಕುಗಳಲ್ಲಿ ನಿಂತುಹೋಗಿದ್ದ ಕಟ್ಟಡದ ಕೆಲಸ ಒಂದು ಲೋಟ ಕಾಫಿಯಲ್ಲಿ ಮತ್ತೆ ಶುರುವಾಯಿತು. ಬೇಕಾದವರು ಬೇಕೆಂದು ಬಾಯಿಬಿಟ್ಟು ಕೇಳಿದರೆ ಸಾಕು! ಗಾರೆ ಬಿತ್ತು, ಸುಣ್ಣವಾಯಿತು, ಮದುವೆಯೂ ಜೋರಾಗಿ ನಡೆಯಿತು. ಬಿಲ್ ಕಲೆಕ್ಟರೂ ಬಂದ. ಅಪ್ಪ ಹಲ್ಲು ಕಚ್ಚಿ ಪೂರಾ ಕಂದಾಯ ಕಟ್ಟಿದ. ಆಮೇಲೆ ನಡೆದದ್ದು ಮಾತ್ರ ನನ್ನ ಸಿದ್ಧಾಂತದಲ್ಲಿ ಇರಲಿಲ್ಲ. ಅದುವರೆಗೆ ಪುರಸಭೆ ಆಫೀಸಿನ ಬೀದಿಯನ್ನೇ ತಪ್ಪಿಸಿ ಓಡಾಡುತ್ತಿದ್ದ ಅಪ್ಪ ಈಗ ಎದೆಯೆತ್ತಿಕೊಂಡು ಒಳಗೇ ನುಗ್ಗಿ, "ಕಾಸು ಈಸ್ಕೊಂಡ್ರಲ್ಲ, ನಮ್ ಬೀದಿ ದೀಪ ಎಲ್ಲಿ ಸ್ವಾಮಿ?" ಎಂದು ಕೇಳತೊಡಗಿದ. ಅವನ ಕಾಟ ತಡೆಯಲಾರದೆ ದೀಪ ಹಾಕಿಸಿಯೇಬಿಟ್ಟರು.

ದೀಪ ಹತ್ತಿದ ಸಂಜೆ ಅವ್ವ ಹಿತ್ತಲಿನಿಂದ ಹಳೆಯ ದೃಷ್ಟಿಬೊಂಬೆಯನ್ನು ತಂದು ನನ್ನ ಕೋಣೆಯ ಬಾಗಿಲಿಗೆ ನೇತುಹಾಕುತ್ತಿದ್ದಳು. "ಇದ್ಯಾಕವ್ವಾ? ಮನೆ ಮುಗೀತಲ್ಲ!" ಎಂದೆ.

"ಮನೆ ಮುಗೀತು ಕಣ್ಲಾ. ಒಳಗಿರದು ಇನ್ನೂ ಕಟ್ತಾ ಇರದೇ ಅಲ್ವಾ?" ಎಂದಳು ಅವ್ವ.

ವಾದ ಮಾಡೋಣವೆಂದು ಬಾಯಿ ತೆರೆದೆ. ಬೊಂಬೆ ನನ್ನದೇ ಅಂಗಿ ತೊಟ್ಟು, ನನ್ನ ಹಾಗೆಯೇ ಎರಡೂ ಕೈ ಚಾಚಿ, ನನಗಿಂತ ಮೊದಲೇ ಶುರುಮಾಡಲು ತಯಾರಾಗಿ ನಿಂತಿತ್ತು.