ವಶೀಲಿ ನಡೆಯದ ಯಂತ್ರ

ನೌಕರಿ ಕೊಡುವ ಕುರ್ಚಿಯಲ್ಲಿ ಕುಳಿತವನು ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಕುಳಿತುಕೊಳ್ಳಬಾರದು. ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಗೆ ಆಳುಗಳನ್ನು ಆರಿಸುವ ಕೆಲಸ ನನ್ನದು. ಕಮತಗಿಯ ಒಂದು ಮದುವೆಯಲ್ಲಿ ಬಡಿಸುವವನು ಸಾರಿನ ಬಕೆಟ್ಟನ್ನು ನನ್ನ ಎಲೆಯ ಮುಂದೆ ಇಟ್ಟು, "ಸಾಹೇಬ್ರ, ನಮ್ಮ ಅಣ್ಣನ ಮಗಂದು ಒಂದೀಟು ನೋಡ್ರಿ, ಐಟಿಐ ಆಗೇತಿ" ಎಂದ. "ನೋಡೂಣು" ಅಂದೆ, ಸಾರು ಬಿತ್ತು. ಹಿಂದೆ ಬಂದವನಿಗೂ "ನೋಡೂಣು" ಅಂದೆ, ತುಪ್ಪ ಬಿತ್ತು. "ಆಗೂದಿಲ್ಲ" ಎಂದಿದ್ದರೆ ಒಣ ಅನ್ನ ತಿಂದು ಕೈ ತೊಳೆಯಬೇಕಾಗುತ್ತಿತ್ತು. ಬಾಗಲಕೋಟೆಯ ಹಲ್ಲಿನ ಡಾಕ್ಟರಂತೂ ಇನ್ನೂ ಜಾಣರು. ನನ್ನ ಬಾಯಲ್ಲಿ ಇಕ್ಕಳ ಇಟ್ಟ ಮೇಲೆ ತಮ್ಮ ಕಂಪೌಂಡರನ ಮಗನ ವಿಷಯ ತೆಗೆದರು. ನಾನು "ಆಂ, ಆಂ" ಎಂದದ್ದು ನೋವಿಗೆ. ಅವರು ಅದನ್ನು ಒಪ್ಪಿಗೆ ಎಂದೇ ಹಿಡಿದರು.

ಊರಿನವರಿಂದಲಾದರೂ ಹೇಗೋ ತಪ್ಪಿಸಿಕೊಳ್ಳಬಹುದು, ಮನೆಯವಳಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು? ನನ್ನ ಹೆಂಡತಿ ಸುವರ್ಣಾಳಿಗೆ ಮಾಂತೇಶ ಎಂಬ ತಮ್ಮನಿದ್ದಾನೆ. ಡಿಗ್ರಿ ಮುಗಿಸಿ ಗುಡೂರಿನ ಮನೆಯಲ್ಲಿ ಮೊಬೈಲು ನೋಡಿಕೊಂಡಿದ್ದ. "ಊರ ಮಂದಿಗೆಲ್ಲಾ ನೌಕರಿ ಹಚ್ಚತೀರಿ, ಮನಿ ಹುಡುಗ ಮಾತ್ರ ನಿಮ್ಮ ಕಣ್ಣಿಗೆ ಕಾಣಂಗಿಲ್ಲ ನೋಡ್ರಿ" ಎಂದು ಅವಳು ದಿನಾ ಶುರುಮಾಡುತ್ತಿದ್ದಳು. ನಾನು ಎದೆ ಉಬ್ಬಿಸಿ, "ಶಿವಾನಂದ ತನ್ನವರನ್ನ ಒಳಗ ತೂರಿಸಿದಾ ಅಂತ ಇವತ್ತಿನ ತನಕಾ ಯಾರೂ ಅಂದಿಲ್ಲ. ನಾ ಗಳಿಸಿದ್ದು ಅದೊಂದ ಮರ್ಯಾದಿ" ಎನ್ನುತ್ತಿದ್ದೆ. "ಹಂಗಾದ್ರ ಆ ಮರ್ಯಾದೀನ ರೊಟ್ಟಿಗೆ ಹಚ್ಕೊಂಡು ತಿನ್ರಿ" ಎನ್ನುವಳು. ಬಾಯಿಮಾತಿಗೆ ಅಂದದ್ದಲ್ಲ ಅದು. ಆ ದಿನ ರೊಟ್ಟಿಯ ಜೊತೆಗೆ ಪಲ್ಯ ಬರುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಸಾವ್ಕಾರರು ಹುನಗುಂದದ ದಾರಿಯಲ್ಲಿ ಎರಡನೆಯ ಕಾರ್ಖಾನೆ ತೆರೆಯುವ ಮನಸ್ಸು ಮಾಡಿದರು. ಒಮ್ಮೆಲೇ ನೂರಾರು ಜನ ಬೇಕು. ಇನ್ನು ಮದುವೆಯಷ್ಟೇ ಅಲ್ಲ, ಯಾರದಾದರೂ ಮಣ್ಣಿಗೆ ಹೋದರೂ ಬಿಡುವುದಿಲ್ಲ ಈ ಜನ! ಆಗ ಬೆಂಗಳೂರಿನ ಕಡೆಯ ಒಬ್ಬ ಮಾರಾಟಗಾರ ನನ್ನ ಪಾಲಿಗೆ ದೇವರಂತೆ ಬಂದ. ಅವನ ಬಳಿ ಒಂದು ಪರೀಕ್ಷೆಯ ಸಾಫ್ಟ್‌ವೇರ್ ಇತ್ತು. ಪ್ರಶ್ನೆ ಕೇಳುವುದು, ಅಭ್ಯರ್ಥಿಯನ್ನು ಕ್ಯಾಮೆರಾದಿಂದ ಕಾಯುವುದು, ಅಂಕ ಹಾಕುವುದು, ಆರಿಸುವುದು ಎಲ್ಲ ಅದರದೇ ಕೆಲಸ. "ಸರ್, ಇದಕ್ಕೆ ಕಣ್ಣಿದೆ, ಕಿವಿ ಇದೆ. ನೆಂಟರು ಮಾತ್ರ ಇಲ್ಲ" ಎಂದ. ಆ ಕೊನೆಯ ಮಾತಿಗೆ ನಾನು ಕರಗಿಹೋದೆ. ಮರುದಿನದಿಂದಲೇ ಸಿಕ್ಕವರಿಗೆಲ್ಲ, "ನನ್ನ ಕೈಯಾಗ ಏನಿಲ್ರಿ, ಎಲ್ಲಾ ಮಶೀನ್" ಎಂದು ಕೈ ಝಾಡಿಸತೊಡಗಿದೆ. ಬಾದಾಮಿಯ ಹಿರಿಯರೊಬ್ಬರು ಬಹಳ ಹೊತ್ತು ಯೋಚಿಸಿ, "ಅಲ್ರೀ, ಆ ಮಶೀನ್ ಯಾರ ಪೈಕಿ?" ಎಂದು ಕೇಳಿದರು. ಮನೆಯಲ್ಲಿ ಸುವರ್ಣಾಳಿಗೂ ಹೇಳಿದೆ: "ಮಾಂತೇಶನೂ ಬರಲಿ. ಎಲ್ಲಾರ ಗತೆ ಕುಂತು ಬರೀಲಿ. ಮಶೀನ್ ತುಗೊಂಡ್ರ ತುಗೋತೈತಿ." ಅವನನ್ನು ಅದು ತೆಗೆದುಕೊಳ್ಳುವುದಿಲ್ಲವೆಂಬ ಧೈರ್ಯ ನನಗಿತ್ತು.

ಬಾಗಲಕೋಟೆಯ ಒಂದು ಕಾಲೇಜಿನ ಕಂಪ್ಯೂಟರ್ ಹಾಲಿನಲ್ಲಿ ಪರೀಕ್ಷೆ ನಡೆಯಿತು. ಕುರ್ಚಿ ಬಿಟ್ಟು ಏಳಬಾರದು, ಪರದೆಯಿಂದ ಮುಖ ತಿರುಗಿಸಬಾರದು, ಬಾಯಿ ಬಿಡಬಾರದು ಎಂದು ನಾನೇ ಮೊದಲಿಗೆ ಎಲ್ಲರಿಗೂ ಸಾರಿ ಹೇಳಿದ್ದೆ. ಇದರಲ್ಲಿ ಯಾವುದು ತಪ್ಪಿದರೂ ಯಂತ್ರ ಅನರ್ಹ ಮಾಡುತ್ತಿತ್ತು. ಕಲ್ಲು ಕೊಯ್ಯುವ ಕೆಲಸಕ್ಕೆ ಬಂದವರನ್ನು ಅದು, "ನೀವು ಪಕ್ಷಿಯಾಗಿದ್ದರೆ ಒಂಟಿಯಾಗಿ ಹಾರುವಿರೋ, ಗುಂಪಿನಲ್ಲೋ?" ಎಂದು ಕೇಳುತ್ತಿತ್ತು. ಹುಡುಗರು ಉಸಿರು ಬಿಗಿಹಿಡಿದು ಹಾರುತ್ತಿದ್ದರು. ಎಲ್ಲ ಇಷ್ಟು ಚೆಂದ ನಡೆದಿರುವಾಗ ಇದನ್ನು ಸಾವ್ಕಾರರು ಕಣ್ಣಾರೆ ನೋಡಲಿ, ನನಗೊಂದು ಶಹಬ್ಬಾಸ್ ಕೊಡಲಿ ಎಂಬ ಆಸೆಯಾಗಿ ಫೋನು ಮಾಡಿ ಕರೆಸಿದೆ. ಅದೇ ತಪ್ಪಾಯಿತು ನೋಡಿ.

ಬಿಳಿ ಧೋತರ, ಹೆಗಲ ಮೇಲೆ ಶಲ್ಯ, ಹಣೆಯ ತುಂಬ ವಿಭೂತಿ. ಸಾವ್ಕಾರರು ಬಾಗಿಲಲ್ಲಿ ಕಂಡದ್ದೇ ತಡ, ಹಾಲಿಗೆ ಹಾಲೇ ಎದ್ದು ನಿಂತು ಕೈಮುಗಿದು, "ಶರಣ್ರೀ!" ಎಂದಿತು. ನಮ್ಮ ಕಡೆ ಹಿರಿಯರು ಬಂದಾಗ ಎದ್ದೇಳುವುದಕ್ಕೆ ಯಾರೂ ಯೋಚಿಸುವುದಿಲ್ಲ, ಕಾಲುಗಳೇ ಏಳುತ್ತವೆ. ಸುಳ್ಳೇಕೆ ಹೇಳಲಿ, ಎಲ್ಲರಿಗಿಂತ ಮೊದಲು ಎದ್ದವನು ನಾನೇ. ಸಾವ್ಕಾರರಿಗೆ ಭಾಳ ಖುಷಿಯಾಯಿತು. "ಕುಂದರ್ರೆಪಾ, ಕುಂದರ್ರಿ. ನಾಷ್ಟಾ ಆತಿಲ್ಲೋ ಎಲ್ಲಾರ್ದೂ?" ಎಂದರು. ಎಲ್ಲರೂ ಒಂದೇ ದನಿಯಲ್ಲಿ, "ಆಗೇತ್ರೀ!" ಎಂದರು.

ಯಂತ್ರ ತನ್ನ ಧರ್ಮ ಬಿಡಲಿಲ್ಲ. ಎದ್ದವರೆಲ್ಲ ಕುರ್ಚಿ ಬಿಟ್ಟವರು. "ಆಗೇತ್ರೀ" ಎಂದವರೆಲ್ಲ ಕೂಡಿ ನಕಲು ಹೊಡೆದವರು. ಹಾಲಿಗೆ ಹಾಲೇ ಅನರ್ಹ! ಮಾರಾಟಗಾರನಿಗೆ ಫೋನು ಹಚ್ಚಿ ಕೂಗಾಡಿದೆ. "ಸರ್, ಯಂತ್ರ ಸರಿಯಾಗಿಯೇ ಇದೆ. ಪರೀಕ್ಷೆ ಮಧ್ಯೆ ನಿಮ್ಮ ಜನ ಯಾಕೆ ಎದ್ದು ನಿಂತ್ಕೋತಾರೆ?" ಎಂದ. "ಹಿರ್ಯಾರು ಬಂದ್ರ ಮತ್ತ ಮಲಗಬೇಕೇನ್ರಿ?" ಎಂದು ಕೇಳಿದೆ. ಅದಕ್ಕೆ ಅವನು, "ಎಲ್ಲರೂ ಅಂತ ಯಾಕಂತೀರ? ಒಬ್ಬರು ಆಯ್ಕೆ ಆಗಿದ್ದಾರಲ್ಲ, ಪರದೆ ನೋಡಿ" ಎಂದ.

ನೋಡಿದೆ. ಮಾಂತೇಶ! ಮನೆಗೆ ಸ್ವಾಮಿಗಳು ಪಾದಪೂಜೆಗೆ ಬಂದಾಗಲೂ ಮಂಚ ಬಿಟ್ಟು ಇಳಿಯದ ಭೂಪ ಅವನು. ಸಾವ್ಕಾರರು ಬಂದರೆ ಏಳುತ್ತಾನೆಯೇ? ಅವನ ಅಂಕ ಹೇಳುವಂತಿರಲಿಲ್ಲ. ಆದರೆ ಅನರ್ಹರಾಗದೆ ಉಳಿದವರನ್ನು ಮೊದಲಿನಿಂದ ಸಾಲಾಗಿ ತೆಗೆದುಕೊಳ್ಳಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟವನು ನಾನೇ. ಉಳಿದವನು ಅವನೊಬ್ಬನೇ. "ಯಾಕಲೇ, ಏಳಲಿಲ್ಲಾ?" ಎಂದು ಗದರಿದೆ. "ಏಳಬ್ಯಾಡಾ ಅಂತ ನೀವ ಹೇಳಿದ್ರೆಲ್ಲಾ, ಮಾಮಾ" ಎಂದು ಆಕಳಿಸಿದ.

ವಿಷಯ ತಿಳಿದ ಸಾವ್ಕಾರರು ನನ್ನನ್ನು ಬದಿಗೆ ಕರೆದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆಗಲ ಮೇಲೆ ಕೈಯಿಟ್ಟು, "ಶಿವಾನಂದ, ನಿನ್ನ ಹೆಂಡತಿ ತಮ್ಮಗ ನೌಕರಿ ಬೇಕಿತ್ತಂದ್ರ ನನಗೊಂದು ಮಾತ ಹೇಳಬಾರದಾಗಿತ್ತೇನೋ? ಇದಕ್ಯಾಕ ಇಷ್ಟ ದೊಡ್ಡ ಮಶೀನ್ ತರಿಸಿದಿ?" ಎಂದು ಪ್ರೀತಿಯಿಂದ ಕೇಳಿದರು. ಬಸವಣ್ಣನ ಆಣೆ ಮಾಡಿದೆ. ಅವರು ನಕ್ಕರು. "ಇರಲಿ ಬಿಡು. ನನಗ ಏಳದಾಂವ ಯಾರಿಗೂ ಏಳೂದಿಲ್ಲ. ಗೇಟ್ ಕಾಯಾಕ ಕುಂಡ್ರಸು ಅವನ್ನ" ಎಂದರು. ಉಳಿದವರನ್ನು ತಾವೇ ಒಬ್ಬೊಬ್ಬರಾಗಿ ಕರೆದು, "ಯಾವೂರು? ಯಾರ ಪೈಕಿ?" ಎಂದು ಕೇಳಿ ಸಂಜೆಯೊಳಗೆ ಆರಿಸಿ ಮುಗಿಸಿದರು. ನಮ್ಮ ಮುತ್ತಜ್ಜರ ಕಾಲದ ಸಾಫ್ಟ್‌ವೇರ್ ಅದು. ಕರೆಂಟು ಹೋದರೂ ನಿಲ್ಲುವುದಿಲ್ಲ.

ಈಗ ನಾನು ಎಲ್ಲಿ ಹೋದರೂ ಜನ ನನ್ನನ್ನು ಬೆರಗಿನಿಂದ ನೋಡುತ್ತಾರೆ. "ಮಶೀನಿಗೇ ವಶೀಲಿ ಹಚ್ಚಿದ ಮನಷಾರೀ!" ಎನ್ನುತ್ತಾರೆ. ನಾನು ಗಳಿಸಿದ್ದ ಒಂದೇ ಒಂದು ಮರ್ಯಾದೆ ಹೋಯಿತು. ಖರೆ ಹೇಳುತ್ತೇನೆ, ಬಹಳ ಸಂಕಟವಾಯಿತು. ಆದರೆ ಪರೀಕ್ಷೆಯ ಆ ಸಂಜೆ ಮನೆಗೆ ಬಂದರೆ ಹೂರಣದ ಹೋಳಿಗೆಯ ವಾಸನೆ! ಸುವರ್ಣಾ ಕಣ್ಣು ಒರೆಸಿಕೊಳ್ಳುತ್ತ, "ಬಾಯಿಲೆ ಬೈದ್ರೂ ಒಳಗಿಂದೊಳಗ ಎಷ್ಟ ಕಾಳಜಿ ಮಾಡಿದಿರಿ" ಎಂದು ಮೇಲೆ ತುಪ್ಪ ಸುರಿದಳು. ಇದರಲ್ಲಿ ನನ್ನದೇನೂ ಕೈವಾಡವಿಲ್ಲವೆಂದು ಇಳಕಲ್ಲಿನಿಂದ ಬಾದಾಮಿಯ ತನಕ ಸಿಕ್ಕವರಿಗೆಲ್ಲ ಸಾರಿ ಹೇಳಿದ್ದೇನೆ, ಒಬ್ಬರೂ ನಂಬಿಲ್ಲ. ಹೇಳಿದರೆ ನಂಬುವವಳು ಅವಳೊಬ್ಬಳೇ. ಅವಳಿಗೆ ಮಾತ್ರ ಇನ್ನೂ ಹೇಳಿಲ್ಲ.